ಚರಗವು ಚರಾಗಾಹ್ ಆದ ವೃತ್ತಾಂತ

ಸಿಂಧನೂರು, ಲಿಂಗಸುಗೂರು, ಮಸ್ಕಿ, ಈ ಮೂರೂ ಕಡೆ ಮಳೆಗಾಲ ಮುಗಿದು ಚಳಿ ಕಾಲಿಡುವ ನಡುವಿನ ದಿನಗಳಲ್ಲಿ ಹಬ್ಬಗಳು ನಡೆಯುತ್ತವೆ ಎಂಬ ಸಂಗತಿ ಸರ್ಕಾರದ ಗಮನಕ್ಕೆ ಬಂದದ್ದು ಸಾವಿರದ ಒಂಬೈನೂರ ಐವತ್ತೊಂದನೆಯ ಇಸವಿಯಲ್ಲಿ. ಅದಕ್ಕೆ ಮುಂಚೆಯೂ ಹಬ್ಬಗಳು ನಡೆಯುತ್ತಿದ್ದವು. ಆದರೆ ಯಾರ ಗಮನಕ್ಕೂ ಬಾರದೆ, ಯಾರ ಅಪ್ಪಣೆಯೂ ಇಲ್ಲದೆ, ತಮ್ಮ ಪಾಡಿಗೆ ತಾವು ನಡೆದುಹೋಗುತ್ತಿದ್ದವು. ನಿಜಾಮರ ಆಳಿಕೆ ಹೋಗಿ ಇನ್ನೂ ಮೂರು ವರ್ಷವಾಗಿತ್ತಷ್ಟೆ. ಹೊಸ ಸರ್ಕಾರಕ್ಕೆ ಬೇರೆ ಕೆಲಸಗಳೂ ಇದ್ದುದರಿಂದ, ಹಾಗೆ ನಡೆದುಹೋದ ಹಬ್ಬಗಳ ಸಲುವಾಗಿ ಯಾರ ಮೇಲೂ ಕ್ರಮ ಜರುಗಿಸಲಿಲ್ಲ.

ಗಮನಕ್ಕೆ ಬಂದ ಬಗೆ ಹೀಗೆ. ಮೇಲಿನ ಸಾಹೇಬರೊಬ್ಬರು ಒಂದು ಸಂಜೆ ಚಹಾ ಕುಡಿಯುತ್ತ ತಮ್ಮ ಮನೆಯವರ ಮುಂದೆ, "ಈ ಸಲ ಸುತ್ತಮುತ್ತ ಹಳ್ಳಿ ಹಬ್ಬ, ಒಕ್ಕಲುತನದ ಜಾತ್ರೆ ಎಲ್ಲೆಲ್ಲಿ ಇವೆಯೋ ಹುಡುಕಿ, ಹೋಗಿ ನೋಡಿ ಬರೋಣ" ಎಂದರು. ಚಹಾ ತಂದವನು ಆ ಮಾತನ್ನು ಗುಮಾಸ್ತನಿಗೆ ಹೇಳಿದ. ಗುಮಾಸ್ತ ಬರೆದುಕೊಂಡ. ಮಾತು ಬಾಯಲ್ಲಿರುವ ತನಕ ಮಾತು. ಬರೆದ ಮೇಲೆ ಅದು ಹುಕುಂ. ಸಾಹೇಬರು ಬಟ್ಟಲು ಕೆಳಗಿಡುವ ಹೊತ್ತಿಗೆ ಆ ಮಾತು ಮರೆತಿದ್ದರು. ಆದರೂ ದಸರೆಗೆ ಮುಂಚೆಯೇ ಲಿಂಗಸುಗೂರಿನ ಒಂದು ಬಾಡಿಗೆ ಮನೆಯ ಪಡಸಾಲೆಯಲ್ಲಿ ಹಬ್ಬ ತಲಾಶಿ ಕಚೇರಿ ತೆರೆಯಿತು.

ಅಧಿಕಾರಿ ಮೈಲಾರಲಿಂಗಪ್ಪನವರು. ಪಟ್ಟಣದಲ್ಲಿ ಬೆಳೆದು ಉರ್ದು ಶಾಲೆಯಲ್ಲಿ ಓದಿ ಪಾಸಾದವರು. ಲಂಚ ಮುಟ್ಟದವರು. ಸಜ್ಜೆ ಯಾವುದು ಜೋಳ ಯಾವುದು ಎಂದು ತಿಳಿಯದಿದ್ದರೂ, ತಿಳಿಯದು ಎಂದು ಹೇಳಿ ಎದುರಿನವರಿಗೆ ಬೇಸರ ಮಾಡುವ ಸ್ವಭಾವದವರಲ್ಲ. ಅವರ ಕೈಕೆಳಗೆ ಬರವಣಿಗೆಗೆ ಮಲೀಕಸಾಬ. ಕನ್ನಡದಲ್ಲಿ ಕೇಳಿದ್ದನ್ನು ಉರ್ದುವಿನಲ್ಲಿ ಬರೆಯುವುದು ಅವನ ಕೆಲಸ. ಆಳುವವರು ಬದಲಾಗಿದ್ದರೂ ಕಚೇರಿಯ ಕಾಗದಗಳು ಇನ್ನೂ ಉರ್ದುವಿನಲ್ಲೇ ಓಡಾಡುತ್ತಿದ್ದವು. ಕಾಗದಗಳಿಗೆ ಸುದ್ದಿ ಮುಟ್ಟುವುದು ಯಾವಾಗಲೂ ತಡ.

ಕಚೇರಿಗೆ ಮೇಲಿನಿಂದ ಒಂದು ಕಾಯಿದೆಯೂ ಬಂದಿತ್ತು. ನೋಡತಕ್ಕ ಹಬ್ಬ ಎಂದರೆ ಅದು ಒಂದೇ ಜಾಗದಲ್ಲಿ ಇರಬೇಕು. ಸಾಹೇಬರು ಬರುವ ತನಕ ಮುಗಿಯಬಾರದು. ಮತ್ತು ಜೀಪು ನಿಲ್ಲಲು ನೆರಳಿರಬೇಕು. ಸಾಹೇಬರು ಬರುವ ದಿನ ದೀಪಾವಳಿ ಕಳೆದ ಮೊದಲನೆಯ ಸೋಮವಾರ ಎಂದು ಗೊತ್ತಾಗಿತ್ತು. ಎಲ್ಲ ಹಬ್ಬಗಳೂ ಅಲ್ಲಿಯವರೆಗೆ ತಾಳಿಕೊಳ್ಳತಕ್ಕದ್ದು.

ಮೈಲಾರಲಿಂಗಪ್ಪನವರು ಸೈಕಲ್ ಹತ್ತಿದರು; ಹಿಂದಿನ ಕ್ಯಾರಿಯರ್ ಮೇಲೆ ಮಲೀಕಸಾಬ ಕೂತ. ಮೊದಲು ಸಿಂಧನೂರಿಗೆ ಹೋಗಿ, ಜಗುಲಿಯ ಮೇಲೆ ಕೂತಿದ್ದ ಒಬ್ಬ ಹಿರಿಯರನ್ನು ಕೇಳಿದರು.

"ಯಜಮಾನ್ರ, ನಿಮ್ಮೂರ ನವರಾತ್ರಿ ಎಲ್ಲೈತಿ?"

"ಎಲ್ಲಿ ಅಂದ್ರ ಏನ್ ಹೇಳೂದ್ರಿ. ಮನ್ಯಾಗ ಐತಿ."

ಒಳಗೆ ಹೋಗಿ ನೋಡಿದರು. ಒಂದು ದೀಪ ಉರಿಯುತ್ತಿತ್ತು, ಮಣ್ಣಿನಲ್ಲಿ ಗೋಧಿ ಮೊಳೆತಿತ್ತು. "ಸದರಿ ಸ್ಥಳದಲ್ಲಿ ಮನೆ ಕಂಡುಬಂತು, ಹಬ್ಬ ಕಂಡುಬರಲಿಲ್ಲ" ಎಂದು ಬರೆಸಿದರು.

ಮಸ್ಕಿಗೆ ಹೋದ ದಿನ ವಿಜಯದಶಮಿ. ಓಣಿಯ ಜನ ಬನ್ನಿ ಎಲೆ ತಂದು ಅವರ ಕೈಗಿಟ್ಟು, "ಬಂಗಾರ ತಗೋರಿ ಸಾಹೇಬ್ರ, ಬಂಗಾರದಂಗ ಇರೂಣು" ಎಂದು ಕಾಲಿಗೆ ಬಿದ್ದರು. ಮನೆಯಲ್ಲಿ ಇದ್ದಾಗ ಮೈಲಾರಲಿಂಗಪ್ಪನವರೂ ಬನ್ನಿ ಕೊಟ್ಟು ತಗೊಂಡವರೇ. ಆದರೆ ಆಗ ಅವರು ಅಧಿಕಾರಿಯಾಗಿರಲಿಲ್ಲ. ಈಗ ಸಾರ್ವಜನಿಕರು ಬಂಗಾರವೆಂದು ಹೇಳಿ ಕೈಗೆ ಏನನ್ನೋ ಇಟ್ಟಿದ್ದರು. ಅವರು ಅದನ್ನು ಲಕೋಟೆಯಲ್ಲಿ ಹಾಕಿ, ಅರಗು ಒತ್ತಿ, "ಬಂಗಾರ, ಹಸಿರು, ತೂಕ ಹಗುರ" ಎಂದು ಬರೆಸಿ ಖಜಾನೆಗೆ ಕಳಿಸಿದರು. ಕೆಲವು ದಿನಗಳಲ್ಲಿ ಬಂಗಾರ ಒಣಗಿ ಪುಡಿಯಾಯಿತು. ಸರ್ಕಾರಿ ಬಂಗಾರ ಕಾಯಲಾರದೆ ಹೋದದ್ದಕ್ಕೆ ಖಜಾನೆಯ ಗುಮಾಸ್ತನಿಂದ ಜವಾಬು ಕೇಳಲಾಯಿತು.

ಲಿಂಗಸುಗೂರಿನ ಹತ್ತಿರದ ಗುರುಗುಂಟಾದಲ್ಲಿ ದನದ ಜಾತ್ರೆಯೇ ನಡೆದಿತ್ತು. ಮೈಲಾರಲಿಂಗಪ್ಪನವರಿಗೆ ಸಂತೋಷವಾಯಿತು. "ಇದನ್ನ ದೀಪಾವಳಿ ಕಳೆದ ಸೋಮವಾರದ ತನಕ ಹಿಂಗ ನಿಲ್ಲಸ್ರಿ" ಎಂದರು.

"ಹೆಂಗ್ ನಿಲ್ತೈತ್ರಿ ಸಾಹೇಬ್ರ," ಎಂದು ಒಬ್ಬ ದಲ್ಲಾಳಿ ಹೇಳಿದ. "ದನ ಇದ್ದಲ್ಲಿ ಜಾತ್ರಿ. ಯಾಪಾರ ಮುಗೀತು, ದನ ಹೋದ್ವು, ಅದರ ಬೆನ್ನ ಹತ್ತಿ ಜಾತ್ರಿನೂ ಹೋತು."

ಜಾತ್ರೆ ಪರಾರಿಯಾಗುವ ಸ್ವಭಾವದ್ದು ಎಂದು ಬರೆಸಿ ಅದನ್ನೂ ಬಿಟ್ಟರು. ಹೀಗೆ ಮೂರೂ ಕಡೆ ತಿರುಗಿದರೂ ನೋಡತಕ್ಕ ಒಂದು ಹಬ್ಬವೂ ಕೈಗೆ ಸಿಗದೆ, ನೌಕರಿಯ ಚಿಂತೆಯಲ್ಲಿ ಸೈಕಲ್ ತುಳಿಯುತ್ತಿದ್ದಾಗ ಸಂತೆಕಲ್ಲೂರಿನ ದಾರಿಯಲ್ಲಿ ಅವರಿಗೆ ಒಂದು ಸಿಂಗಾರದ ಬಂಡಿ ಎದುರಾಯಿತು. ಅಂದು ಶೀಗಿ ಹುಣ್ಣಿಮೆ.

ಬಂಡಿಯಲ್ಲಿದ್ದವರು ಆ ಊರಿನ ಅಮರಗುಂಡಪ್ಪ, ಅವನ ಹೆಂಡತಿ ಗುರುಲಿಂಗಮ್ಮ, ತಮ್ಮ ಪಂಪಣ್ಣ. ಅಮರಗುಂಡಪ್ಪ ಮೃದು ಮನುಷ್ಯ. ದಿನಕ್ಕೆರಡು ಹೊತ್ತು ಲಿಂಗಪೂಜೆ ತಪ್ಪಿಸದವನು. ಯಾರು ಏನು ಹೇಳಿದರೂ ಮೊದಲು ಹೌದು ಎಂದು ಆಮೇಲೆ ಯೋಚಿಸುವವನು. ಮೊದಲು ಯೋಚಿಸುವ ಕೆಲಸ ಗುರುಲಿಂಗಮ್ಮನದು.

"ಎಲ್ಲಿಗೆ ಹೊಂಟೀರಿ?" ಎಂದು ಮೈಲಾರಲಿಂಗಪ್ಪನವರು ಕೇಳಿದರು.

"ಚರಗ ಚೆಲ್ಲಾಕ ರೀ. ನೀವೂ ಬರ್ರಿ ಸಾಹೇಬ್ರ, ಹಬ್ಬದ ದಿನ ಹಸ್ಕೊಂಡು ಹೋಗಬ್ಯಾಡ್ರಿ" ಎಂದು ಅಮರಗುಂಡಪ್ಪ ಕರೆದ.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ; ಬೇರೆ ಸೀಮೆಯವರಿಗಾಗಿ ಹೇಳುತ್ತೇನೆ. ಶೀಗಿ ಹುಣ್ಣಿಮೆಯ ಹೊತ್ತಿಗೆ ಪೈರು ತೆನೆ ಕಟ್ಟಿರುತ್ತದೆ. ಆಗ ಭೂಮಿತಾಯಿ ಬಸುರಿ ಎಂದು ತಿಳಿದು, ಬಯಕೆಯ ಊಟ ಮಾಡಿಕೊಂಡು ಹೊಲಕ್ಕೆ ಹೋಗುತ್ತೇವೆ. ಬನ್ನಿ ಗಿಡದ ಬುಡಕ್ಕೆ ಐದು ಕಲ್ಲಿಟ್ಟು ಸುಣ್ಣ ಹಚ್ಚಿ, ಪಾಂಡವರು ಎಂದು ಪೂಜೆ ಮಾಡುತ್ತೇವೆ. ಆಮೇಲೆ ಕಡಬು, ಪಲ್ಯ, ಬುತ್ತಿ ಎಲ್ಲ ಬುಟ್ಟಿಯಲ್ಲಿ ಕಲಸಿ ಹೊಲದ ತುಂಬ ಚೆಲ್ಲುತ್ತೇವೆ. ಅದೇ ಚರಗ. ಚೆಲ್ಲುವವನು ಮುಂದೆ "ಹುಲ್ಲುಲ್ಲಿಗೋ" ಎನ್ನುತ್ತಾನೆ, ಹಿಂದೆ ನೀರು ಚಿಮುಕಿಸುವವನು "ಸಲಾಂಬ್ರಿಗೋ" ಎನ್ನುತ್ತಾನೆ. ಅರ್ಥ ಯಾರಿಗೂ ಗೊತ್ತಿಲ್ಲ. ದೇವರಿಗೆ ಗೊತ್ತಿದ್ದರೆ ಸಾಕೆಂದು ನಾವು ಯಾರೂ ಕೇಳಿಲ್ಲ.

ಮೈಲಾರಲಿಂಗಪ್ಪನವರು ಕೇಳಿದರು. ಹೊಲದಲ್ಲಿ ಮುಂದೆ ಅಮರಗುಂಡಪ್ಪ, ಹಿಂದೆ ಪಂಪಣ್ಣ ಹಾಗೆ ಕೂಗಿ ಮುಗಿಸಿದ್ದೇ ತಡ, "ಈಗ ಏನಂತ ಕೂಗಿದ್ರಿ?" ಎಂದರು.

"ಹಿರೇರು ಅಂತಿದ್ರು, ನಾವೂ ಅಂತೀವ್ರಿ. ಭೂಮಿತಾಯಿ ಬಸುರಿ ಅದಾಳ್ರಿ."

"ಹೆರಿಗಿ ಯಾವಾಗ?"

"ಮಳಿ ಈ ಸಲ ತಡಾ ಆಗಿ ಪೈರು ಹಿಂದ ಬಿದ್ದೈತ್ರಿ. ದೀಪಾವಳಿ ಆದಮ್ಯಾಗ ಸಜ್ಜಿ ಕೊಯ್ತೀವಿ. ಇದೊಂದ ಹೊಲ ನೋಡ್ರಿ ನಮ್ದು. ವರ್ಷದ ರೊಟ್ಟಿ ಎಲ್ಲಾ ಇದರಾಗ ನಿಂತೈತಿ."

ಮೈಲಾರಲಿಂಗಪ್ಪನವರು ಸುತ್ತ ನೋಡಿದರು. ಹಬ್ಬ ಒಂದೇ ಜಾಗದಲ್ಲಿತ್ತು. ಹೆರಿಗೆ ದೀಪಾವಳಿಯ ಮೇಲೆ ಇದ್ದುದರಿಂದ ಸಾಹೇಬರು ಬರುವ ತನಕ ಮುಗಿಯುವಂತಿರಲಿಲ್ಲ. ಬನ್ನಿ ಗಿಡದ ನೆರಳು ಜೀಪಿಗೆ ಸಾಕಿತ್ತು. ಐದು ಕಲ್ಲುಗಳ ಮುಂದೆ ನಿಂತು, "ಇವರು ಯಾರು?" ಎಂದರು.

"ಪಾಂಡವ್ರು ರೀ."

"ಹಾಜರಿದ್ದವರು ಪಾಂಡವರು, ಐದು ಜನ, ಸಹಿ ಬಾರದು" ಎಂದು ಬರೆಸಿ, ಶೇಂಗಾ ಹೋಳಿಗೆಯನ್ನು ಎರಡೆರಡು ಸಲ ಕೇಳಿ ಹಾಕಿಸಿಕೊಂಡು ಉಂಡು, ಗುರುಲಿಂಗಮ್ಮನಿಗೆ ಕೈಮುಗಿದು ಹೊರಟರು. ಅವರ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಇದನ್ನು ನಾನು ಎಲ್ಲಿ ಬೇಕಾದರೂ ಹೇಳುತ್ತೇನೆ.

ಮಲೀಕಸಾಬನೂ ತಪ್ಪು ಬರೆಯಲಿಲ್ಲ. ಹಬ್ಬದ ಹೆಸರು ಚರಗ ಎಂದೇ ಬರೆದ. ಆದರೆ ಉರ್ದುವಿನಲ್ಲಿ ಅಕ್ಷರ ಬರೆಯುತ್ತಾರೆ, ನಡುವಿನ ಸ್ವರವನ್ನು ಓದುವವನೇ ತುಂಬಿಕೊಳ್ಳಬೇಕು. ಮೇಲಿನ ಕಚೇರಿಯಲ್ಲಿ ಮೊದಲನೆಯ ಮೇಜಿನವರು ಅದನ್ನು ಚರಾಗಾಹ್ ಎಂದು ತುಂಬಿಕೊಂಡರು. ಚರಾಗಾಹ್ ಎಂದರೆ ದನ ಮೇಯುವ ಗಾಯರಾಣ. ಎರಡನೆಯ ಮೇಜಿನವರು ಚಿರಾಗ್, ಅಂದರೆ ದೀಪ, ಎಂದು ತುಂಬಿಕೊಂಡು, ದೀಪದ ಹಬ್ಬಕ್ಕೆ ದೀಪವಿರಲಿ ಎಂದು ಒಂದು ಕಂದೀಲು ಕಳಿಸಿಕೊಟ್ಟರು. ಎಣ್ಣೆ ಬೇರೆ ಇಲಾಖೆಯದಾದ್ದರಿಂದ ಬರಲಿಲ್ಲ. ಮೊದಲನೆಯ ಮೇಜು ಎರಡನೆಯದಕ್ಕಿಂತ ದೊಡ್ಡದಾಗಿದ್ದರಿಂದ, ಹುಕುಂ ಚರಾಗಾಹ್ ಎಂದೇ ಹೊರಟಿತು. ಹಲಗೆ ಬಡಿಯುತ್ತ ಸಂತೆಕಲ್ಲೂರಿನಲ್ಲಿ ಡಂಗುರ ಸಾರಿದರು:

"ಕೇಳ್ರಪ್ಪೋ ಕೇಳ್ರಿ! ಅಮರಗುಂಡಪ್ಪನ ಕಬಜಾದಾಗಿನ ಜಮೀನು ಚರಾಗಾಹ್ ಇರುತ್ತದೆ. ಅಲ್ಲಿ ಬೆಳೆದದ್ದು ಹುಲ್ಲು ಎಂದು ಸದರಿ ಇಸಮನೇ ನಾಲ್ಕೂ ಮೂಲೆಗೆ ನಿಂತು ಹುಲ್ಲು ಹುಲ್ಲು ಎಂದು ಒದರಿ ಕಬೂಲು ಮಾಡಿರುತ್ತಾನೆ. ಅವನ ತಮ್ಮ ಸರ್ಕಾರಕ್ಕೆ ಸಲಾಂ ಸಲ್ಲಿಸಿರುತ್ತಾನೆ. ಐದು ಜನ ಸಾಕ್ಷಿಗಳು ಇಲ್ಲವೆಂದಿಲ್ಲ. ಕಾರಣ ಸಜ್ಜಿ ಎಂಬ ಹೆಸರಿನ ಸದರಿ ಹುಲ್ಲನ್ನು ಮನುಷ್ಯ ಮಾತ್ರದವರು ಕೊಯ್ಯಕೂಡದು. ದೀಪಾವಳಿ ಕಳೆದ ಸೋಮವಾರ ಅಲ್ಲೇ ದನಗಳ ಮೇಳ ಕೂಡುವುದು. ಸಾಹೇಬರು ನೋಡುವರು. ಕೇಳ್ರಪ್ಪೋ ಕೇಳ್ರಿ!"

ಡಂಗುರ ಕೇಳಿ ಅಮರಗುಂಡಪ್ಪ ಅಭ್ಯಾಸದಂತೆ, "ಹೌದ್ರಿ" ಎಂದ. ಆಮೇಲೆ ಕಟ್ಟೆಯ ಮೇಲೆ ಕುಸಿದು ಕೂತ.

ಮಸ್ಕಿಯಲ್ಲಿ ಕರಿಬಸಪ್ಪ ಎಂಬ ದನದ ವ್ಯಾಪಾರಿ. ಸೋವಿಯಲ್ಲಿ ಬಡಕಲು ದನಗಳ ಒಂದು ಹಿಂಡು ಹಿಡಿದು, ಅವನ್ನು ಮೇಯಿಸಿ ಕೊಬ್ಬಿಸಿ ಮಾರಲು ಮೇವು ಹುಡುಕುತ್ತಿದ್ದ. ಸುದ್ದಿ ತಿಳಿದ ಮರುದಿನವೇ ತನ್ನ ಹಿಂಡನ್ನು ಆ ಚರಾಗಾಹ್‌ಗೆ ಬಿಡಲು ಅರ್ಜಿ ಕೊಟ್ಟ. ಅರ್ಜಿಯ ಸಂಗಡ ಒಂದು ಮಡಕೆ ತುಪ್ಪವನ್ನೂ ಕೊಟ್ಟ. ಮೈಲಾರಲಿಂಗಪ್ಪನವರು ಅದನ್ನು ಮುಟ್ಟಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ಅರಗು ಒತ್ತಿಸಿದರು. ಆ ದಿನಗಳಲ್ಲಿ ಬಿಸಿಲು ಜಾಸ್ತಿ ಇದ್ದುದರಿಂದ ಅರಗು ತಾನಾಗಿ ಕರಗಿತು; ತುಪ್ಪವೂ ತಾನಾಗಿ ಕಡಿಮೆಯಾಯಿತು. ಕಚೇರಿಯ ಸಿಪಾಯಿಗಳ ರೊಟ್ಟಿಯ ವಾಸನೆ ಮಾತ್ರ ಕೆಲವು ದಿನ ಓಣಿಯ ತುಂಬ ಘಮಘಮಿಸಿತು.

ಗಂಡ ಹೆಂಡತಿ ಲಿಂಗಸುಗೂರಿಗೆ ಹೋದಾಗ ಕರಿಬಸಪ್ಪ ಆಗಲೇ ಕಚೇರಿಯ ಬೆಂಚಿನ ಮೇಲೆ ಕಾಲು ಮಡಚಿ ಕೂತಿದ್ದ.

"ಸಾಹೇಬ್ರ, ಅದು ಚರಗ ರೀ, ಚರಾಗಾ ಅಲ್ಲ," ಎಂದ ಅಮರಗುಂಡಪ್ಪ.

"ನನಗ ಗೊತ್ತಿಲ್ಲೇನು ಅಮರಗುಂಡಪ್ಪ? ಹೋಳಿಗಿ ಉಂಡೀನಿ," ಎಂದರು ಮೈಲಾರಲಿಂಗಪ್ಪನವರು. ಅವರ ದನಿಯಲ್ಲಿ ನಿಜವಾದ ಸಂಕಟವಿತ್ತು. "ಆದ್ರ ಮ್ಯಾಲಿನವರು ಓದಿದ್ದನ್ನ ನಾನು ಹೆಂಗ ಬ್ಯಾರೆ ಓದಲಿ? ಅವರು ಚರಾಗಾಹ್ ಅಂತ ಓದ್ಯಾರ. ಈಗ ಅದು ಚರಾಗಾಹ್."

"ಸಜ್ಜಿ ಹುಲ್ಲಲ್ರಿ, ತೆನಿ ಬಿಟ್ಟೈತಿ."

"ಹುಲ್ಲು ಅಂತ ನೀನ ಒದರೀದಿ. ನಾ ಕೇಳೀನಿ. ಸುಳ್ಳು ಹೇಳಂತೀ ಏನು?"

ಅಮರಗುಂಡಪ್ಪ ಸುಳ್ಳು ಹೇಳಿ ಎನ್ನುವವನಲ್ಲ. ಕರಿಬಸಪ್ಪ ಮೀಸೆ ಸವರಿಕೊಂಡು, "ಹೋಗ್ಲಿ ಬಿಡೋ ತಮ್ಮಾ, ದನಾನೂ ಶಿವನ ಪ್ರಾಣಿನ. ತಿಂದ್ರ ಪುಣ್ಯ ನಿನಗ ಬರ್ತೈತಿ" ಎಂದ.

ಅಷ್ಟು ಹೊತ್ತು ಬಾಗಿಲಲ್ಲಿ ನಿಂತಿದ್ದ ಗುರುಲಿಂಗಮ್ಮ ಸೆರಗು ಸರಿ ಮಾಡಿಕೊಂಡು ಒಳಗೆ ಬಂದಳು. "ಸಾಹೇಬ್ರ, ಆ ಚರಾಗಾದಾಗ ಯಾರ ದನ ಬಿಡ್ಬೇಕು ಅಂತ ಕಾಯಿದಿ ಐತ್ರಿ?"

ಮೈಲಾರಲಿಂಗಪ್ಪನವರು ಪುಸ್ತಕ ತೆಗೆದು ನೋಡಿದರು. "ಮೊದಲ ಹಕ್ಕು ಅದೇ ಊರಿನ ದನಕ್ಕ. ಊರ ದನದಿಂದ ಜಾಗ ಭರ್ತಿ ಆದ್ರ ಹೊರಗಿನ ದನ ಬಿಡಂಗಿಲ್ಲ."

"ನಿಮ್ಮೂರಾಗ ಎಷ್ಟರ ದನ ಅದಾವಬೇ?" ಎಂದು ಕರಿಬಸಪ್ಪ ನಕ್ಕ. "ನಾಕು ಜೋಡಿ ಎತ್ತು, ಎರಡು ಮುದಿ ಎಮ್ಮಿ. ಅಷ್ಟಕ್ಕ ಭರ್ತಿ ಆಗ್ತೈತೇನು?"

ಗುರುಲಿಂಗಮ್ಮ ಅವನ ಕಡೆ ನೋಡಲಿಲ್ಲ. "ಸಾಹೇಬ್ರ, ದನ ಅಂದ್ರ ಯಾವುದು ಅಂತ ಬರದಾರೇನ್ರಿ?"

"ಬರದಾರ. ಕೊರಳಿಗೆ ಗಂಟೆ ಇದ್ದು, ಮಾಲೀಕರ ಮಾತಿಗೆ ಒಳಪಟ್ಟು, ಸದರಿ ಜಾಗದ ಮೇವಿನಿಂದ ಜೀವಿಸುವ ಪ್ರಾಣಿಯೇ ದನ."

"ಎಷ್ಟು ಕಾಲು ಇರಬೇಕು ಅಂತ ಐತ್ರಿ?"

ಮೈಲಾರಲಿಂಗಪ್ಪನವರು ಹಾಳೆ ಮಗುಚಿದರು. ಹಿಂದಕ್ಕೆ ಮಗುಚಿದರು. ಕನ್ನಡಕ ಒರೆಸಿಕೊಂಡು ಮಲೀಕಸಾಬನ ಕೈಗೆ ಪುಸ್ತಕ ಕೊಟ್ಟರು. ಅವನೂ ನೋಡಿ ತಲೆಯಾಡಿಸಿದ.

"ಕಾಲಿನ ವಿಷಯದಲ್ಲಿ ಕಾಯಿದೆ ಮೌನವಾಗಿದೆ," ಎಂದರು ಮೈಲಾರಲಿಂಗಪ್ಪನವರು.

"ಹಂಗಾರ ನಮ್ಮನ್ನ ಬರ್ಕೊಳ್ರಿ. ಆ ಹೊಲದ ರೊಟ್ಟಿಲೆ ಜೀವಾ ಹಿಡದೀವಿ. ಮಾತಿಗೆ ಒಳಪಟ್ಟವರು ಹೌದೋ ಅಲ್ಲೋ, ಇವ್ರ ಮಾರಿ ನೋಡ್ರಿ ತಿಳೀತೈತಿ. ಗಂಟಿ ಒಂದ ಕಡಿಮಿ, ಕಟ್ಕೊಂತೀವಿ. ಬೆಳಗಾದ್ರ ಊರ ಮಂದಿನೆಲ್ಲಾ ಕರ್ಕೊಂಡು ಬರ್ತೀನಿ."

"ಏನವ್ವಾ, ಗಂಡನ್ನ ಒಯ್ದು ಗ್ವಾದ್ಲಿಗೆ ಕಟ್ಟತೀ?" ಎಂದ ಕರಿಬಸಪ್ಪ.

"ಕಟ್ಟತೀನಿ ಬಿಡಪಾ. ಕಂಡವರ ಹೊಲಾ ಮೇಯೂದ್ಕಿಂತ ನಮ್ಮ ಗ್ವಾದ್ಲ್ಯಾಗ ನಾವು ಮೇಯೂದು ಪಾಡು."

ಮೈಲಾರಲಿಂಗಪ್ಪನವರು ಬಹಳ ಹೊತ್ತು ಯೋಚಿಸಿದರು. ಅವರಿಗೆ ಆ ಹೆಣ್ಣುಮಗಳ ಹೊಲ ಉಳಿಸಬೇಕೆಂಬ ಆಸೆಯೇನೋ ಇತ್ತು. ಆದರೆ ಆಸೆಯ ಮೇಲೆ ಸಹಿ ಹಾಕಲು ಬರುವುದಿಲ್ಲ. ಈಗ ಕಾಯಿದೆಯೇ ದಾರಿ ತೋರಿಸಿತ್ತು. "ಒಂದ ಮಾತು," ಎಂದರು. "ದನ ಕೊಯ್ಯೂದಿಲ್ಲ, ಮೇಯ್ತಾವ. ನೀವು ಚೀಲ ತುಂಬಿ ಮನಿಗೆ ಒಯ್ದ್ರ ಅದು ಕಳವು ಆಗ್ತೈತಿ."

"ಸಾಹೇಬ್ರ, ದನ ಮೇವನ್ನ ನಿಂತಲ್ಲೇ ಅಗದು ನುಂಗತಾವೇನ್ರಿ? ಮೊದ್ಲು ಸರಸರ ಕಿತ್ತು ತುಂಬ್ಕೋತಾವ. ಆಮ್ಯಾಲೆ ಮನ್ಯಾಗ ಮಲಗಿ ನಿಧಾನಕ ಮೆಲುಕು ಹಾಕತಾವ. ನಮ್ದೂ ಹಂಗ. ಚೀಲ ಮೊದಲಿನ ಹೊಟ್ಟಿ. ರೊಟ್ಟಿ ಮೆಲುಕು."

"ಬರಾಬರ್ ಐತಿ," ಎಂದು ಮಲೀಕಸಾಬ ತನಗರಿವಿಲ್ಲದೆ ಅಂದುಬಿಟ್ಟ. ಅದೂ ಬರವಣಿಗೆಗೆ ಸೇರಿತು.

ಮರುದಿನ ಊರವರು ಬಂದು ದನಗಳಾಗಿ ದಾಖಲಾದರು. ಅಲ್ಲಿ ಒಂದು ಸಣ್ಣ ತೊಡಕಾಯಿತು. ಎತ್ತಿನ ಹೆಸರು ಬರೆಯಬೇಕು. ಮಾಲೀಕರು ಬಾಯಿಬಿಟ್ಟು ಹೇಳಬೇಕು. ಗಂಡಸರೆಲ್ಲ ದನಗಳಾಗಿದ್ದರಿಂದ ಮಾಲೀಕರ ಸಾಲಿನಲ್ಲಿ ಹೆಂಡಂದಿರು ನಿಂತಿದ್ದರು. ನಮ್ಮ ಕಡೆ ಗರತಿಯರು ಗಂಡನ ಹೆಸರು ಹೇಳುವುದಿಲ್ಲ.

"ಎತ್ತಿನ ಹೆಸರು?" ಎಂದ ಮಲೀಕಸಾಬ.

"ಅಯ್ಯ, ನಮ್ಮ ಮನಿಯವ್ರು," ಎಂದಳು ಗುರುಲಿಂಗಮ್ಮ, ತಲೆ ತಗ್ಗಿಸಿ.

"ಹೆಸರು ಹೇಳವ್ವಾ."

"ಅದನ್ನ ಹೇಳಿದ್ನೆಲ್ಲೋ ಯಪ್ಪಾ. ನಮ್ಮ ಮನಿಯವ್ರು."

ಹಾಗೆಯೇ ಬರೆದ. ಹಿಂದೆ ನಿಂತಿದ್ದ ಯಂಕಮ್ಮನೂ ಅದನ್ನೇ ಹೇಳಿದಳು. ಅವಳ ಹಿಂದಿನವರೂ ಅದನ್ನೇ ಹೇಳಿದರು. ಸಂತೆಕಲ್ಲೂರಿನ ಎತ್ತುಗಳೆಲ್ಲ ಒಂದೇ ಹೆಸರಿನವು ಎಂಬುದು ಸರ್ಕಾರಕ್ಕೆ ಹಾಗೆ ತಿಳಿಯಿತು.

ಮೇಳದ ಹಿಂದಿನ ದಿನ ಅಮರಗುಂಡಪ್ಪ ಗಂಟೆಯನ್ನು ಅಂಗೈಯಲ್ಲಿಟ್ಟುಕೊಂಡು ಪಡಸಾಲೆಯಲ್ಲಿ ಕೂತಿದ್ದ. "ನನಗ ಆಗಂಗಿಲ್ಲ ನೋಡು," ಎಂದ. "ಕೊಳ್ಳಾಗ ಲಿಂಗ ಐತಿ. ಲಿಂಗದ ಬಾಜೂಕ ದನದ ಗಂಟಿ ಹೆಂಗ ಕಟ್ಟಲಿ?"

"ಪೂಜಿ ಮಾಡುವಾಗ ನೀವು ಬಾರ್ಸೂದೇನು?"

"ಗಂಟಿ."

"ಆವಾಗ ಲಿಂಗ ಏನರೆ ಸಿಟ್ಟಾಗೇತೇನು?"

"ಅದು ಬ್ಯಾರೆ, ಇದು ಬ್ಯಾರೆ. ಮಂದಿ ನನ್ನ ಎತ್ತು ಅಂತಾರ."

ಗುರುಲಿಂಗಮ್ಮನ ಕಣ್ಣಲ್ಲೂ ನೀರಿತ್ತು; ಅದನ್ನು ಅವಳು ಒಲೆಯ ಹೊಗೆಯ ಮೇಲೆ ಹಾಕಿದಳು. ಆಮೇಲೆ ಹೇಳಿದಳು: "ಹಟ್ಟಿಯೊಳಗಿನ ಎತ್ತಿಗೆ ಬಸವಣ್ಣ ಅಂತ ದಿನಾ ಕಾಲಿಗೆ ಬೀಳ್ತೀರಿ. ಕಾಲಿಗೆ ಬೀಳಾಕ ಬರ್ತೈತಿ, ಒಂದಿನ ಬಸವಣ್ಣ ಆಗಾಕ ಬರೂದಿಲ್ಲೇನ್ರಿ?"

ಅಮರಗುಂಡಪ್ಪ ಎದ್ದು ವಿಭೂತಿ ಹಚ್ಚಿಕೊಂಡು, "ಶಿವಶಿವಾ" ಎಂದು ಕೊರಳೊಡ್ಡಿದ. ಅವಳು ಗಂಟೆ ಕಟ್ಟಿದಳು. ಗಂಟು ಬಿಗಿಯಾಯಿತೇ ಎಂದು ಬೆರಳು ಹಾಕಿ ನೋಡಿದಳು, ಎತ್ತಿಗೆ ನೋಡುವ ಹಾಗೆಯೇ.

ಸೋಮವಾರ ಮೇಲಿನ ಸಾಹೇಬರು ಬಂದರು. ತಾವು ಯಾಕೆ ಬಂದೆವೆಂಬುದು ಅವರಿಗೆ ನೆನಪಿರಲಿಲ್ಲ. ಹುಕುಂ ತಮ್ಮದೇ ಆಗಿದ್ದರಿಂದ ಕೇಳಲು ಸಂಕೋಚಪಟ್ಟರು. ಜೀಪು ಬನ್ನಿ ಗಿಡದ ನೆರಳಿಗೆ ನಿಂತಿತು. ಹೊಲದ ತುಂಬ ರುಮಾಲು ಸುತ್ತಿದವರು ಗಂಟೆ ಕಟ್ಟಿಕೊಂಡು ಠಣ್ ಠಣ್ ಎನ್ನುತ್ತ ಸಜ್ಜೆಯ ತೆನೆ ಮುರಿದು ಚೀಲಕ್ಕೆ ಹಾಕುತ್ತಿದ್ದರು. ಕರಿಬಸಪ್ಪನ ಹಿಂಡು ಬದುವಿನಾಚೆ ನಿಂತು, ಒಳಗಿನ ದನಗಳನ್ನು ಆಸೆಯಿಂದ ನೋಡುತ್ತಿತ್ತು.

"ದನಗಳೆಲ್ಲಿ?" ಎಂದು ಸಾಹೇಬರು ಕೇಳಿದರು.

"ಇವೇ ಹುಜೂರ್," ಎಂದರು ಮೈಲಾರಲಿಂಗಪ್ಪನವರು.

ಸಾಹೇಬರು ನೋಡಿದರು. ಅವರಿಗೆ ಅನುಮಾನ ಬಂತು. ಆದರೆ ಅವರೂ ಪಟ್ಟಣದವರು. ಹಳ್ಳಿಯ ದನ ಹೇಗಿರುತ್ತದೆಂದು ತಿಳಿಯದವರು ಎನ್ನಿಸಿಕೊಳ್ಳಲು ಇಷ್ಟವಿರಲಿಲ್ಲ. "ತಳಿ ಯಾವುದು?"

"ಸಂತೆಕಲ್ಲೂರು ತಳಿ ಹುಜೂರ್."

"ಹಾಯುತ್ತವೆಯೇ?"

"ಇಲ್ಲ ಹುಜೂರ್. ಎಂಥ ಹುಕುಂ ಬಂದರೂ ಇದುವರೆಗೆ ಹಾಯ್ದದ್ದಿಲ್ಲ."

"ಒಳ್ಳೆಯ ತಳಿ," ಎಂದು ಸಾಹೇಬರು ಮೆಚ್ಚಿಕೊಂಡರು. "ಈ ತಳಿಯನ್ನು ಉಳಿಸಿಕೊಳ್ಳಬೇಕು."

ಬಹುಮಾನಕ್ಕೆ ಏನೂ ಬಂದಿರಲಿಲ್ಲ. ಎರಡನೆಯ ಮೇಜಿನವರು ಕಳಿಸಿದ್ದ ಕಂದೀಲು ಇತ್ತು. ಅದನ್ನು ಮೇಜಿನ ಮೇಲಿಟ್ಟು ಮಲೀಕಸಾಬ ಕೂಗಿದ: "ಉತ್ತಮ ಎತ್ತು, ಮೊದಲನೆಯ ಬಹುಮಾನ, ನಮ್ಮ ಮನಿಯವ್ರು!"

"ಹೂಂ ರೀ," ಎಂದು ಮಾಲೀಕರಾಗಿ ಬದುವಿನ ಮೇಲೆ ಕೂತಿದ್ದ ಊರಿನ ಹೆಂಗಸರೆಲ್ಲ ಒಟ್ಟಿಗೆ ಎದ್ದು ನಿಂತರು.

ಕೊನೆಗೆ ಹೊಲ ಯಾರದೋ ಅವರ ಎತ್ತಿಗೆ ಎಂದು ತೀರ್ಮಾನವಾಯಿತು. ಸಾಹೇಬರು ಅಮರಗುಂಡಪ್ಪನ ಬೆನ್ನು ತಟ್ಟಿ, ಹಲ್ಲು ನೋಡಿ, ಕೈಗೆ ಕಂದೀಲು ಕೊಟ್ಟರು. ಆಮೇಲೆ ಬದುವಿನ ಮೇಲಿದ್ದ ಬಂಡಿಯನ್ನು ಕಂಡು, "ಎಲ್ಲಿ, ಇದನ್ನು ಹೂಡಿ ಒಂದು ಸುತ್ತು ಎಳೆಸಿ. ನಡಿಗೆ ನೋಡೋಣ" ಎಂದರು.

ಹೊಲದ ತುಂಬ ಗಂಟೆಗಳು ನಿಂತವು. ಪಂಪಣ್ಣ ಅಣ್ಣನ ಮುಖ ನೋಡಿದ. ಅಣ್ಣ, ರೂಢಿಯಂತೆ, "ಹೌದ್ರಿ" ಎನ್ನಲು ಬಾಯಿ ತೆರೆದಿದ್ದ.

ಗುರುಲಿಂಗಮ್ಮ ಮುಂದೆ ಬಂದು ಕೈಮುಗಿದಳು. "ತಪ್ಪು ತಿಳೀಬ್ಯಾಡ್ರಿ ಸಾಹೇಬ್ರ. ಇವತ್ತ ಸೋಮವಾರ. ಸೋಮವಾರ ನಮ್ಮೂರಾಗ ಬಸವಣ್ಣಗ ನೊಗ ಹೂಡೂದಿಲ್ಲ."

ಸಾಹೇಬರು ದೈವಭಕ್ತರು. "ಹೌದು ಹೌದು, ಧರ್ಮ ಬಿಡಬಾರದು," ಎಂದು ಕೈ ಹಿಂದೆ ತಗೊಂಡರು. ಸಂಜೆಯೊಳಗೆ ಸಜ್ಜೆಯೆಲ್ಲ ಮೊದಲನೆಯ ಹೊಟ್ಟೆ ಸೇರಿತು. ಆ ವರ್ಷವೆಲ್ಲ ಅಮರಗುಂಡಪ್ಪನ ಮನೆಯವರು ಹೊತ್ತು ಹೊತ್ತಿಗೆ ಮೆಲುಕು ಹಾಕಿದರು.

ಮರುವರ್ಷ ಶೀಗಿ ಹುಣ್ಣಿಮೆಗೆ ಊರಿನ ಉಳಿದವರೂ ತಮ್ಮ ತಮ್ಮ ಹೊಲದಲ್ಲಿ ಚರಗ ಚೆಲ್ಲಿ, ಕೇಳುವ ಹಾಗೆ ಗಟ್ಟಿಯಾಗಿ "ಹುಲ್ಲುಲ್ಲಿಗೋ" ಎಂದರು. ಅವೂ ಒಂದೊಂದಾಗಿ ಚರಾಗಾಹ್ ಆದವು. ಎತ್ತಿಗೆ ಲಸಿಕೆ ಹಾಕುವವರು ಬಂದಾಗ ಗಂಡಸರು ತೋಳು ಮಡಚಿ ಸಾಲಿಗೆ ನಿಂತರು. ಮಠಕ್ಕೆ ಹೋದಾಗ ಅಯ್ಯನವರು ಗಂಟೆಯ ಸಪ್ಪಳ ಕೇಳಿ, "ಯಾರು, ಸಂತೆಕಲ್ಲೂರಿನವ್ರೇನು? ಬರ್ರಿ ಒಳಗ" ಎನ್ನುತ್ತಿದ್ದರು. ಮೈಲಾರಲಿಂಗಪ್ಪನವರಿಗೆ ಬಡ್ತಿಯಾಯಿತು.

ಐವತ್ತಾರನೆಯ ಇಸವಿಯಲ್ಲಿ ಕನ್ನಡ ಮಾತಾಡುವ ಸೀಮೆಗಳೆಲ್ಲ ಕೂಡಿ ಒಂದಾದವು. ಕಾಗದಗಳು ಕನ್ನಡಕ್ಕೆ ತಿರುಗಿದವು. ಹೊಸ ಸಾಹೇಬರೊಬ್ಬರು ಹಳೆಯದನ್ನೆಲ್ಲ ಓದಿಸಿ ಕೇಳಿ, ಬಹಳ ನೊಂದುಕೊಂಡು, ತಾವೇ ಸಂತೆಕಲ್ಲೂರಿಗೆ ಬಂದರು. ಊರವರನ್ನು ಕೂಡಿಸಿ ಹೇಳಿದರು: "ದೊಡ್ಡ ತಪ್ಪಾಗಿದೆ. ಇದು ಚರಾಗಾಹ್ ಅಲ್ಲ, ಚರಗ."

"ನಾವೂ ಅದನ್ನ ಹೇಳಿದ್ವಿ ರೀ," ಎಂದ ಅಮರಗುಂಡಪ್ಪ.

"ಆದ್ದರಿಂದ ಹೊಲ ನಿಮ್ಮದು. ನೀವು ದನಗಳಲ್ಲ. ಮನುಷ್ಯರು."

ಎಲ್ಲೋ ಒಂದು ಗಂಟೆ ಅಲುಗಿತು. ಗುರುಲಿಂಗಮ್ಮ ಕೇಳಿದಳು, "ಮನುಷ್ಯಾರಾದ್ರ ಹೊಲಕ್ಕ ಕಂದಾಯ ಕಟ್ಟಬೇಕೇನ್ರಿ?"

"ಕಟ್ಟಲೇಬೇಕಲ್ಲವ್ವ. ಹೊಲ ನಿಮ್ಮದಾದ ಮೇಲೆ."

"ಇಷ್ಟ ವರ್ಷ ಕಟ್ಟಿಲ್ರಿ. ದನ ಕಂದಾಯ ಕಟ್ಟೂದಿಲ್ಲ ಅಂತ ಕಾಯಿದಿ ಐತಂತ." ಅವಳು ಹಿಂದೆ ತಿರುಗಿ ನೋಡಿದಳು. ಊರವರು ತಲೆಯಾಡಿಸಿದರು, ತಲೆಯಾಡಿಸಿದಾಗ ಎಲ್ಲ ಗಂಟೆಗಳೂ ಒಟ್ಟಿಗೆ ಸಪ್ಪಳ ಮಾಡಿದವು. ಮಸ್ಕಿಯಿಂದ ಈ ಸುದ್ದಿ ಕೇಳಲೆಂದೇ ಬಂದು ಹಿಂದೆ ನಿಂತಿದ್ದ ಕರಿಬಸಪ್ಪನ ಕೊರಳಲ್ಲೂ ಒಂದು ಹೊಸ ಹಿತ್ತಾಳೆಯ ಗಂಟೆ ಇತ್ತು.

ಹೊಸ ಸಾಹೇಬರು ಬೆವರು ಒರೆಸಿಕೊಂಡು, ಮನುಷ್ಯರಾಗುವ ಅರ್ಜಿಯನ್ನು ಅಮರಗುಂಡಪ್ಪನ ಮುಂದೆ ಚಾಚಿದರು. "ಮೊದಲು ನೀವು ಒಂದು ಸಹಿ ಮಾಡಿ ಯಜಮಾನ್ರ. ಉಳಿದವರು ನಿಮ್ಮನ್ನು ನೋಡಿ ಮಾಡುತ್ತಾರೆ."

ಅಮರಗುಂಡಪ್ಪ ಅರ್ಜಿ ನೋಡಿದ. ಹೆಂಡತಿಯನ್ನು ನೋಡಿದ. ಬದುಕಿನಲ್ಲಿ ಮೊದಲ ಸಲ, ಹೌದು ಎನ್ನುವ ಮೊದಲು ಯೋಚಿಸಿದ.

"ಇವತ್ತ ಸೋಮವಾರ ಅಲ್ರೀ," ಎಂದ.

ಹೊಸ ಸಾಹೇಬರು ಪಂಚಾಂಗ ತರಿಸಿ ನೋಡಿದರು. ಸೋಮವಾರವೇ ಆಗಿತ್ತು. ಸೋಮವಾರ ಎತ್ತಿನಿಂದ ಯಾವ ಕೆಲಸವನ್ನೂ ತಗೊಳ್ಳಕೂಡದೆಂಬುದು ಅಷ್ಟು ಹೊತ್ತಿಗೆ ಎಲ್ಲ ಕಚೇರಿಗಳಿಗೂ ತಿಳಿದಿದ್ದ ಸಂಗತಿ. ಅವರು ಅರ್ಜಿ ಮಡಚಿ ಜೇಬಿಗಿಟ್ಟುಕೊಂಡು, ಅಮರಗುಂಡಪ್ಪನ ಕಾಲು ಮುಟ್ಟಿ ನಮಸ್ಕರಿಸಿ, ಜೀಪು ಹತ್ತಿದರು.